ಮಾರ್ಕರ್ ಸೋಲಬೇಕು

"ಬಗ್ಗು ಮಾರಾಯ, ಇನ್ನೂ ಸ್ವಲ್ಪ ಬಗ್ಗು. ಸೋತವನ ಹಾಗೆ ಕಾಣುದು ಬೇಡ್ವಾ?"

ಸಂಕಪ್ಪ ಇನ್ನಷ್ಟು ಬಗ್ಗಿದ. ಸುಳ್ಯದ ರಬ್ಬರ್ ವ್ಯಾಪಾರಿ ತನ್ನ ಕ್ಯೂ ಕೋಲನ್ನು ಅವನ ಬೆನ್ನ ಮೇಲೆ ಅಡ್ಡ ಇಟ್ಟು, ಹೊಡೆದು ಕೆಡವಿದ ಹಂದಿಯ ಪಕ್ಕ ನಿಂತವನಂತೆ ಎದೆ ಉಬ್ಬಿಸಿ ನಿಂತ. ಅವನ ಹೆಂಡತಿ ಮೊಬೈಲು ಎತ್ತಿದಳು.

"ಅವನ ಮುಖ ಬರ್ತಾ ಇಲ್ಲ ಇವ್ರೇ."

"ಅವನ ಮುಖ ಎಂತಕ್ಕೆ? ನನ್ನದು ಬಂದರೆ ಸಾಕು."

ಸಾಲಿನಲ್ಲಿ ಕಾಯುತ್ತಿದ್ದವರು ನಕ್ಕರು. ಬಗ್ಗಿದ ಸಂಕಪ್ಪನಿಗೆ ಕಾಣುತ್ತಿದ್ದುದು ನೆಲದ ಮೇಲಿನ ಚಪ್ಪಲಿಗಳು ಮಾತ್ರ.

ಪುತ್ತೂರಿನ ಬೈಪಾಸ್ ಬದಿಯ ಮದುವೆ ಹಾಲ್‌ನಲ್ಲಿ ಪೂಲ್ ಟೂರ್ನಮೆಂಟು, ಕೋಲಿನಿಂದ ಬಾಲುಗಳನ್ನು ಟೇಬಲಿನ ಪಾಕೆಟ್ಟುಗಳಿಗೆ ಹೊಡೆಯುವ ಆಟ. ಮಂಗಳೂರು, ಬೆಂಗಳೂರು, ಕೇರಳದಿಂದೆಲ್ಲ ಆಟಗಾರರು ಬಂದಿದ್ದರು. ವಧೂವರರು ಕೂರುವ ವೇದಿಕೆಯ ಕೆಳಗೆ ಹೊಸ ನೀಲಿ ಬಟ್ಟೆ ಬಿಗಿದ ಟೇಬಲುಗಳು. ಎದುರಿಗೆ ವಿಐಪಿ ಪಾಸಿನವರಿಗೆ ಸೋಫಾ. ಕಬ್ಬಿಣದ ಬೇಲಿಯ ಆಚೆ ಇನ್ನೂರು ರೂಪಾಯಿ ಟಿಕೇಟಿನವರು, ಅವರು ನಿಂತೇ ನೋಡಬೇಕು. ಗೇಟಿನ ಹತ್ತಿರದ ಫ್ಲೆಕ್ಸಿನಲ್ಲಿ ಬಹುಮಾನದ ವಿವರ: ಗೆದ್ದವನಿಗೆ ಮೂರು ಲಕ್ಷ, ಎರಡನೆಯವನಿಗೆ ಅದರ ಅರ್ಧ, ಹಾಗೆಯೇ ಇಳಿಯುತ್ತ ಕೊನೆಯ ಎಂಟರಲ್ಲಿ ಸೋತವನಿಗೂ ಮೂವತ್ತು ಸಾವಿರ. ಊಟದ ಹಾಲ್‌ಗೆ ಹೋಗುವ ದಾರಿಯಲ್ಲಿ, ಕೈತೊಳೆಯುವ ನಲ್ಲಿಗಳ ಪಕ್ಕ, ಹಳೆಯ ಟೇಬಲೊಂದನ್ನು ಹಾಕಿ ಅದಕ್ಕೆ ಫ್ಯಾನ್ ಕಾರ್ನರ್ ಎಂದು ಹೆಸರಿಟ್ಟಿದ್ದರು. ಮೇಲೊಂದು ಬೋರ್ಡು: 'ಮಾರ್ಕರನ್ನು ಸೋಲಿಸಿ, ಫೋಟೋ ಗೆಲ್ಲಿ.'

ಮಾರ್ಕರ್ ಎಂದರೆ ಸಂಕಪ್ಪ. ಟೂರ್ನಮೆಂಟಿನ ಯಜಮಾನ ವಿಷ್ಣುಪ್ರಸಾದರ ಪೂಲ್ ಹಾಲ್ ಪೇಟೆಯಲ್ಲಿ ಬಟ್ಟೆ ಅಂಗಡಿಯ ಮಾಳಿಗೆಯಲ್ಲಿದೆ. ಮೀಸೆ ಮೂಡುವ ಹೊತ್ತಿಗೆ ಅಲ್ಲಿ ಸೇರಿದವನು ಈಗ ಕಿವಿಯ ಹತ್ತಿರ ನರೆತಿದ್ದಾನೆ. ಬಾಲ್ ಒರೆಸುವುದು, ಜೋಡಿಸುವುದು, ಬಟ್ಟೆಗೆ ಬ್ರಷ್ ಹಾಕುವುದು, ಯಾರಾದರೂ ಮೆಂಬರಿಗೆ ಜೊತೆ ಸಿಗದಿದ್ದರೆ ಅವರೊಡನೆ ಆಡುವುದು. ಆಡುವುದಕ್ಕೊಂದು ಕ್ರಮವಿತ್ತು. ಮೊದಲ ವಾರವೇ ವಿಷ್ಣುಪ್ರಸಾದ್ ಅದನ್ನು ಹೇಳಿಕೊಟ್ಟಿದ್ದರು.

"ಮೆಂಬರ್ ಸೋತರೆ ನಾಳೆ ಬರುದಿಲ್ಲ. ನೀನು ಸೋತರೆ ನಾಳೆಯೂ ಇಲ್ಲೇ ಇರ್ತಿ. ಗೊತ್ತಾಯ್ತಾ?"

ಹಾಗೆಂದು ಸುಮ್ಮನೆ ಸೋತರೆ ಆಗದು, ಮೆಂಬರಿಗೆ ಬೇಸರ ಬರುತ್ತದೆ. ಎಂಟು ಬಾಲ್‌ವರೆಗೆ ಬೆವರು ಇಳಿಸಬೇಕು. ಒಂಬತ್ತನೆಯದನ್ನು ಪಾಕೆಟ್ಟಿಗೆ ಹಾಕಿದವನದೇ ಆಟ. ಅದನ್ನು ಮಾತ್ರ ಪಾಕೆಟ್ಟಿನ ಬಾಯಿಯವರೆಗೆ ಕಳಿಸಿ ಅಲ್ಲಿ ನಿಲ್ಲಿಸಬೇಕು. ಅಯ್ಯೋ ಎಂದು ಹಣೆ ಮುಟ್ಟಿಕೊಳ್ಳಬೇಕು. ಮೆಂಬರ್ ಬಂದು ಮೆಲ್ಲಗೆ ತಟ್ಟಿ ಬೀಳಿಸಿ, ಖುಷಿಯಿಂದ ನೂರೋ ಇನ್ನೂರೋ ಅಂಗಿ ಜೇಬಿಗೆ ತುರುಕುತ್ತಾನೆ. ಆಮೇಲೆ ಚಹಾ ಬರುತ್ತದೆ. ಎಲ್ಲರಿಗೂ ಗಾಜಿನ ಗ್ಲಾಸಿನಲ್ಲಿ, ಸಂಕಪ್ಪನಿಗೆ ಪೇಪರ್ ಕಪ್ಪಿನಲ್ಲಿ. ಯಾಕೆಂದು ಯಾರೂ ಹೇಳಿರಲಿಲ್ಲ. ಅವನ ಅಮ್ಮ ಸೀತು ಬೆಟ್ಟಂಪಾಡಿಯಲ್ಲಿ ವಿಷ್ಣುಪ್ರಸಾದರ ಮನೆಯ ಕೆಲಸಕ್ಕೆ ಹೋಗುತ್ತಿದ್ದವಳು, ಊಟಕ್ಕೆ ಕೊಟ್ಟಿಗೆಯ ಬದಿಯಲ್ಲಿ ಕೂರುತ್ತಿದ್ದವಳು. ಅವಳೂ ಯಾಕೆಂದು ಕೇಳಿರಲಿಲ್ಲ.

ಆ ಶನಿವಾರ ಮಧ್ಯಾಹ್ನ ಕಣ್ಣೂರಿನಿಂದ ಬರಬೇಕಿದ್ದ ಆಟಗಾರನೊಬ್ಬ ಬರಲಿಲ್ಲ. ಟಿಕೇಟು ತೆಗೆದವರು ಬೇಲಿಯ ಆಚೆಯಿಂದ ಕೂಗಾಡತೊಡಗಿದ್ದರು. ವಿಷ್ಣುಪ್ರಸಾದ್ ಫ್ಯಾನ್ ಕಾರ್ನರಿಗೆ ಬಂದರು.

"ಏ, ಬಾ ಇಲ್ಲಿ. ಕಣ್ಣೂರಿನವ ಬರ್ಲಿಲ್ಲ, ಅವನ ಜಾಗದಲ್ಲಿ ನೀನು ನಿಲ್ಲು. ಒಂದು ಮ್ಯಾಚ್ ಸೋತು ಬಾ. ಜನಕ್ಕೆ ಟೈಂಪಾಸ್ ಆಗ್ಲಿ."

"ನಿಜವಾದ್ದಾ ಧನಿ? ಟೂರ್ನಮೆಂಟಿನಲ್ಲಾ?"

"ಮತ್ತೆಂತ ನಿನ್ನ ಮದುವೆಯಲ್ಲಾ?"

ಪಂದ್ಯಪಟ್ಟಿಯ ಬೋರ್ಡಿನಲ್ಲಿ ಕಣ್ಣೂರಿನವನ ಹೆಸರು ಅಳಿಸಿ 'ಸಂಕಪ್ಪ, ಬೆಟ್ಟಂಪಾಡಿ' ಎಂದು ಬರೆದರು. ಅದನ್ನು ನೋಡುತ್ತ ಅವನು ಎಷ್ಟು ಹೊತ್ತು ನಿಂತನೆಂದರೆ ರೆಫರಿ ಎರಡು ಸಲ ಕರೆಯಬೇಕಾಯಿತು.

ಸೋಲಲು ಹೋದವನು ಮೊದಲ ಪಂದ್ಯ ಗೆದ್ದ. ಸಂಜೆ ಎರಡನೆಯದನ್ನೂ ಗೆದ್ದ. ಗೆಲ್ಲುವುದು ಇಷ್ಟು ಸದ್ದಿನ ಕೆಲಸವೆಂದು ಅವನಿಗೆ ಗೊತ್ತಿರಲಿಲ್ಲ. ಬೇಲಿಯ ಆಚೆ ಜನ "ಮಾರ್ಕರ್! ಮಾರ್ಕರ್!" ಎಂದು ತಗಡು ಬಡಿಯುತ್ತಿದ್ದರು. ಮೈಕಿನವನೂ "ನಮ್ಮ ಮಾರ್ಕರ್" ಎನ್ನುತ್ತಿದ್ದ. ಮೀನು ಟೆಂಪೊ ಓಡಿಸುವ ಫಯಾಝ್ ಒಬ್ಬನೇ ಬೇಲಿಗೆ ಹೊಟ್ಟೆ ಒತ್ತಿ ಹೆಸರು ಹಿಡಿದು ಕೂಗಿದ.

"ಸಂಕಪ್ಪಣ್ಣ! ಎಂಟರ ಒಳಗೆ ಬಂದ್ರಲ್ಲ ಮಾರಾಯ್ರೆ! ಮೂವತ್ತು ಸಾವಿರ ಗ್ಯಾರಂಟಿ. ಇನ್ನು ನೀವು ಬಗ್ಗಿ ಫೋಟೋ ತೆಗೆಸುದು ಬೇಡ."

"ಮೆಲ್ಲಗೆ ಮಾರಾಯ."

"ಎಂತ ಮೆಲ್ಲಗೆ? ಗೆದ್ದವ ನೀವು, ಹೆದರುದೂ ನೀವಾ?"

ಹಣ ಹಾಗಿರಲಿ. ಎಂಟರ ಒಳಗೆ ಬಂದವರನ್ನು ಫೈನಲಿನ ಮುಂಚೆ ವೇದಿಕೆಗೆ ಹೆಸರು ಹಿಡಿದು ಕರೆಯುತ್ತಾರೆ. ಹಾಗೆ ಕರೆಸಿಕೊಂಡವನನ್ನು ಮುಂದಿನ ಟೂರ್ನಮೆಂಟಿಗೂ ಆಟಗಾರನೆಂದೇ ಕರೆಯುತ್ತಾರೆ. ಈ ಆಸೆಯನ್ನು ಸಂಕಪ್ಪ ಯಾರಿಗೂ ಹೇಳಲಿಲ್ಲ, ಮನೆಯಲ್ಲಿ ಸೀತುವಿಗೂ. ಹೇಳಿದರೆ ಹೋಗಿಬಿಡುತ್ತದೇನೋ ಎಂಬ ಹೆದರಿಕೆ.

ಭಾನುವಾರ ಬೆಳಿಗ್ಗೆ ಎದುರಿಗೆ ಬಂದವನು ಸಂಪ್ರೀತ್, ವಿಷ್ಣುಪ್ರಸಾದರ ಅಕ್ಕನ ಮಗ, ಸೋದರಳಿಯ. ಮಾಳಿಗೆಯ ಹಾಲ್‌ನಲ್ಲಿ ಹುಡುಗನಾಗಿದ್ದಾಗಿನಿಂದ ಆಡಿದವನು. ಸಂಕಪ್ಪ ಅವನಿಗೆ ಸೋತಷ್ಟು ಸಲ ಬೇರೆ ಯಾರಿಗೂ ಸೋತಿರಲಿಲ್ಲ.

ಮೊದಲು ಐದು ಆಟ ಗೆದ್ದವನು ಮುಂದಕ್ಕೆ. ನಾಲ್ಕು ನಾಲ್ಕು ಆಯಿತು. ಕೊನೆಯ ಆಟದಲ್ಲಿ ಸಂಕಪ್ಪ ಒಂದೊಂದಾಗಿ ಎಲ್ಲವನ್ನೂ ಹಾಕಿ ಒಂಬತ್ತಕ್ಕೆ ಬಂದ. ಬಿಳಿ ಬಾಲ್, ಹಳದಿ ಪಟ್ಟಿಯ ಒಂಬತ್ತು, ಮೂಲೆಯ ಪಾಕೆಟ್ಟು, ಮೂರೂ ಒಂದೇ ಗೆರೆಯಲ್ಲಿದ್ದವು. ಕಣ್ಣು ಮುಚ್ಚಿದರೂ ಬೀಳುವ ಹೊಡೆತ. ತಗಡು ಬಡಿಯುವವರೂ ನಿಲ್ಲಿಸಿದರು.

ಟೇಬಲಿನ ಆಚೆ ಬದಿಯಲ್ಲಿ ಸಂಪ್ರೀತ್ ಕ್ಯೂಗೆ ಚಾಕ್ ಹಚ್ಚುತ್ತಿದ್ದ. ತನ್ನ ಸರದಿ ಬಂದೇ ಬರುತ್ತದೆ ಎನ್ನುವ ಮೆಂಬರುಗಳು ಹಚ್ಚುವ ಹಾಗೆ, ನಿಧಾನವಾಗಿ, ಅತ್ತ ನೋಡದೆ.

ಸಂಕಪ್ಪ ಹೊಡೆದ. ಹೊಡೆಯುವ ಕ್ಷಣದಲ್ಲಿ ಮಣಿಕಟ್ಟು ತಾನಾಗಿ ಸಡಿಲವಾಯಿತು. ಒಂಬತ್ತು ಉರುಳುತ್ತ ಹೋಗಿ ಪಾಕೆಟ್ಟಿನ ಬಾಯಿಯಲ್ಲಿ ನಿಂತಿತು. ಅವನ ಎಡಗೈ ಹಣೆಗೆ ಏರಿತು. ಅಲ್ಲಿ ಮುಟ್ಟಿಕೊಂಡ ಮೇಲೆಯೇ ಏನಾಯಿತೆಂದು ಅವನಿಗೆ ತಿಳಿದದ್ದು. ಕೈಯನ್ನು ಇಳಿಸಿ ಅದನ್ನೇ ನೋಡಿದ, ಯಾರದೋ ಕೈ ಎಂಬಂತೆ.

ಸಂಪ್ರೀತ್ ಬಂದು ತಟ್ಟಿ ಬೀಳಿಸಿದ. ಸೋಫಾಗಳು ಚಪ್ಪಾಳೆ ತಟ್ಟಿದವು.

"ಥೂ! ಬಿಟ್ಟುಕೊಟ್ಟದ್ದು! ಧನಿಯ ಅಳಿಯ ಅಂತ ಬಿಟ್ಟದ್ದು!" ಬೇಲಿಯ ಆಚೆಯಿಂದ ಯಾರೋ ನೀರಿನ ಬಾಟಲಿ ಎಸೆದರು. ಫಯಾಝ್ ಮಾತ್ರ ಬೇಲಿ ಬಿಟ್ಟು ಹಿಂದಕ್ಕೆ ಸರಿದ.

ನಲ್ಲಿಗಳ ಹತ್ತಿರ ಮುಖ ತೊಳೆಯುತ್ತಿದ್ದಾಗ ವಿಷ್ಣುಪ್ರಸಾದ್ ಬಂದರು. ಕೈಯಲ್ಲಿ ಸುರುಳಿ ಸುತ್ತಿದ ಕಾರ್ಯಕ್ರಮದ ಹಾಳೆ. ಅದರ ತುದಿಯಿಂದಲೇ ಅವನ ಭುಜ ತಟ್ಟಿದರು.

"ಭಾರೀ ಲಾಯ್ಕಾಯ್ತು. ನೀನು ಬಿಡ್ತಿ ಅಂತ ನಂಗೆ ಗೊತ್ತಿತ್ತು. ಅಕ್ಕ ಬೆಳಿಗ್ಗೆಯಿಂದ ಹೆದರಿ ಕೂತಿದ್ರು."

"ಬಿಟ್ಟದ್ದಲ್ಲ ಧನಿ."

"ಮತ್ತೆ?"

"ಕೈ... ಕೈಯೇ ಹಾಗೆ ಹೋಯ್ತು."

"ಅದೇ, ಅದೇ. ಯಾರು ಕೇಳಿದ್ರೂ ಹಾಗೆಯೇ ಹೇಳು." ಅವರು ನಕ್ಕರು. ನಿಜವಾಗಿಯೂ ಪ್ರೀತಿಯಿಂದಲೇ ನಕ್ಕರು. ಸಂಕಪ್ಪ ನಲ್ಲಿ ತಿರುಗಿಸುವುದನ್ನೂ ಮರೆತು ನಿಂತಿದ್ದ, ನೀರು ಹೋಗುತ್ತಲೇ ಇತ್ತು.

ಸಂಜೆ ಫೈನಲಿನ ಮುಂಚೆ ವೇದಿಕೆಯ ಮೇಲೆ ದೀಪಗಳು ಹತ್ತಿದವು. ಹಲಗೆಯಷ್ಟು ದೊಡ್ಡ ಥರ್ಮಾಕೋಲ್ ಚೆಕ್ಕುಗಳನ್ನು ಸಾಲಾಗಿ ಒರಗಿಸಿದ್ದರು. ಬಾಲಿನ ಟ್ರೇ ಹಿಡಿದು ಸಂಕಪ್ಪ ವೇದಿಕೆಯ ಮೆಟ್ಟಿಲ ಹತ್ತಿರ ನಿಂತ. ಬೆಳಿಗ್ಗೆ ಒಗೆದು ಒಣಗಿಸಿದ ಅಂಗಿ. ಕರೆದ ಕೂಡಲೇ ಟ್ರೇಯನ್ನು ಎಲ್ಲಿ ಇಡುವುದೆಂದು ಜಾಗವನ್ನೂ ನೋಡಿಟ್ಟುಕೊಂಡಿದ್ದ.

ಎಂಟರ ಘಟ್ಟದಲ್ಲಿ ಸೋತವರನ್ನು ಕರೆಯತೊಡಗಿದರು. ಬೆಂಗಳೂರಿನವನೊಬ್ಬ ಹತ್ತಿದ. ಕೋಝಿಕ್ಕೋಡಿನವನು ಹತ್ತಿದ. ಉಡುಪಿಯವನು ಹತ್ತಿದ. ಸಂಕಪ್ಪ ಟ್ರೇ ಕೆಳಗಿಟ್ಟ.

"ಮತ್ತು ವಿಷ್ಣುಪ್ರಸಾದ್ ಪೂಲ್ ಹಾಲ್, ಪುತ್ತೂರು! ಮಾಲೀಕರಾದ ಶ್ರೀ ವಿಷ್ಣುಪ್ರಸಾದರು ಬಹುಮಾನ ಸ್ವೀಕರಿಸಬೇಕಾಗಿ ವಿನಂತಿ."

ವಿಷ್ಣುಪ್ರಸಾದ್ ಶಲ್ಯ ಸರಿಪಡಿಸಿಕೊಳ್ಳುತ್ತ ಅವನ ಪಕ್ಕದಿಂದಲೇ ಮೆಟ್ಟಿಲು ಹತ್ತಿದರು. ಅವರು ಚೆಕ್ಕು ಹಿಡಿದು ನಗುವಾಗ ಕ್ಯಾಮೆರಾಗಳು ಮಿನುಗಿದವು. ಇಳಿದು ಬರುವಾಗ ಸಂಕಪ್ಪ ದಾರಿಗೆ ಅಡ್ಡ ಇದ್ದ.

"ಎಂತ?"

"ಧನಿ, ಅದು ನಂದಲ್ವಾ?"

"ಯಾವುದು?"

"ಬಹುಮಾನ. ಬೋರ್ಡಿನಲ್ಲಿ ನನ್ನ ಹೆಸರು ಉಂಟು."

"ಎಂಟ್ರಿ ಫೀಸು ಕಟ್ಟಿದ್ದು ಯಾರು? ಆಡಿದ ಕೋಲು ಯಾರದ್ದು? ಮಾರ್ಕರಿಗೆ ಬಹುಮಾನ ಅಂತ ಎಲ್ಲಾದ್ರೂ ಉಂಟಾ? ಮಾರ್ಕರಿಗೆ ಟಿಪ್ಸ್." ಐನೂರರ ಎರಡು ನೋಟು ತೆಗೆದು ಅವನ ಜೇಬಿಗೆ ತುರುಕಿದರು. "ನಿನ್ನ ಅಮ್ಮನಿಗೂ ಒಂದು ಸೀರೆ ತೆಗೆದಿಟ್ಟಿದ್ದೇವೆ. ಹೋಗು, ಟೇಬಲಿಗೆ ಬ್ರಷ್ ಹಾಕು. ಫೈನಲ್ ಲೈವ್ ಹೋಗುದು."

"ಹಣ ನೀವೇ ಇಟ್ಕೊಳ್ಳಿ. ಹೆಸರು ಒಂದು ಕರೀಲಿ."

"ಹೆಸರಾ?" ವಿಷ್ಣುಪ್ರಸಾದರ ದನಿ ತಗ್ಗಿತು. "ಎರಡು ಮ್ಯಾಚ್ ಗೆದ್ದದ್ದಕ್ಕೆ ತಲೆ ತಿರುಗಿತಾ ಬೇವರ್ಸಿ? ಕೊಟ್ಟಿಗೆ ಬದಿಯಲ್ಲಿ ಉಂಡು ಬೆಳೆದದ್ದು ಮರೆತುಹೋಯ್ತಾ? ನಡಿ."

ಸಂಕಪ್ಪ ಬ್ರಷ್ ತೆಗೆದುಕೊಂಡು ನಡೆದ.

ಟೇಬಲಿನ ಮೇಲೆ ಲೈಟಿನ ಚೌಕಟ್ಟು ಉರಿಯುತ್ತಿತ್ತು. ಬಾಲಿನ ಸದ್ದು ಎಲ್ಲರಿಗೂ ಕೇಳಲೆಂದು ಅದರಿಂದಲೇ ಒಂದು ಸಣ್ಣ ಮೈಕು ಇಳಿಬಿಟ್ಟಿದ್ದರು. ಫೈನಲಿನ ಆಟಗಾರರಿಬ್ಬರು ಕುರ್ಚಿಯಲ್ಲಿ ಕಾದಿದ್ದರು. ಅವರಲ್ಲೊಬ್ಬ ಸಂಪ್ರೀತ್. ಸಂಕಪ್ಪ ಒಂದು ತುದಿಯಿಂದ ಇನ್ನೊಂದು ತುದಿಗೆ ಬ್ರಷ್ ಎಳೆದ. ನೀಲಿ ಬಟ್ಟೆಯ ಮೇಲೆ ಒಂದು ಧೂಳಿನ ಕಣವೂ ಉಳಿಯಲಿಲ್ಲ. ಆಮೇಲೆ ಬ್ರಷ್ಷನ್ನು ನೆಲಕ್ಕಿಟ್ಟು, ಜೇಬಿನ ನೋಟುಗಳನ್ನು ತೆಗೆದು ಅದರ ಮೇಲಿಟ್ಟು, ಟೇಬಲಿನ ಅಂಚಿಗೆ ಮಂಡಿ ಊರಿ ಮೇಲೆ ಹತ್ತಿದ. ನಡುಮಧ್ಯದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತ.

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಇದೂ ಮನರಂಜನೆಯ ಒಂದು ಭಾಗವೆಂದು ಸೋಫಾದಲ್ಲಿ ಒಬ್ಬಿಬ್ಬರು ನಕ್ಕರು.

"ಇಳಿ," ಎಂದರು ರೆಫರಿ.

"ಹೆಸರು ಕರೀರಿ, ಇಳೀತೇನೆ."

ಅವನು ಮೆಲ್ಲಗೆಯೇ ಹೇಳಿದ್ದ. ಆದರೆ ತಲೆಯ ಮೇಲಿನ ಮೈಕು ಅದನ್ನು ಇಡೀ ಹಾಲ್‌ಗೆ ಹೇಳಿತು.

"ಇಳಿಯೋ ಬೋಳಿಮಗನೇ! ಲಕ್ಷ ರೂಪಾಯಿ ಬಟ್ಟೆ ಅದು!" ವಿಷ್ಣುಪ್ರಸಾದ್ ಓಡಿ ಬಂದರು. "ಲೈವ್ ನಿಲ್ಲಿಸಿ! ಎಳೆದು ಬಿಸಾಡಿ ಈ ನಾಯಿಯನ್ನು!"

ಮಂಗಳೂರಿನಿಂದ ಕರೆಸಿದ್ದ ಕಪ್ಪಂಗಿಯ ಬೌನ್ಸರುಗಳಿಬ್ಬರು ಅವನ ಕಾಲು ಹಿಡಿದರು. ಸಂಕಪ್ಪ ಕವುಚಿ ಬಿದ್ದು ಮೂಲೆಯ ಪಾಕೆಟ್ಟಿನೊಳಗೆ ಎರಡೂ ಕೈ ತೂರಿಸಿ ಅದರ ಅಂಚನ್ನು ಬಿಗಿಹಿಡಿದ. ಅವರು ಎಳೆದರು. ಅವನ ಬೆಲ್ಟಿನ ಕೊಕ್ಕೆ ಬಟ್ಟೆಗೆ ಸಿಕ್ಕಿಕೊಂಡಿತು. ಮತ್ತೆ ಎಳೆದರು. ಪರ್ರ್ ಎಂದು ಬಟ್ಟೆ ಹರಿದ ಸದ್ದು ನಾಲ್ಕೂ ಗೋಡೆಯ ಸ್ಪೀಕರುಗಳಿಂದ ಬಂತು. ಸಂಪ್ರೀತ್ ಎದ್ದು ನಿಂತ. ಎದುರಾಳಿ ತನ್ನ ಕ್ಯೂವನ್ನು ಬಿಚ್ಚಿ ಚೀಲಕ್ಕೆ ಹಾಕತೊಡಗಿದ.

ಬೇಲಿಯ ಆಚೆ ಜನ ಮೊಬೈಲು ಎತ್ತಿ ಹಿಡಿದಿದ್ದರು. ಯಾರೂ ಬೇಲಿ ದಾಟಲಿಲ್ಲ.

"ಬಿಡು ಕೈ! ಬಿಡೋ!"

ಬೌನ್ಸರುಗಳಲ್ಲೊಬ್ಬ ಟೇಬಲಿನ ಅಂಚಿಗೆ ಕಾಲೆತ್ತಿ ಅವನ ಬೆರಳ ಮೇಲೆ ಬೂಟಿನ ಹಿಮ್ಮಡಿ ಊರಿದ. ಸಂಕಪ್ಪ ಹಿಡಿತ ಬಿಡಲಿಲ್ಲ. ಹರಿದ ನೀಲಿ ಬಟ್ಟೆಯ ನಡುವೆ ಟೇಬಲಿಗೆ ಹಾಸಿದ ಬೂದು ಬಣ್ಣದ ಕಲ್ಲು ಕಾಣಿಸುತ್ತಿತ್ತು. ಅದರ ಮೇಲೆ ಅವನ ಕೆನ್ನೆ ಒತ್ತಿಕೊಂಡಿತ್ತು, ಕಲ್ಲು ತಣ್ಣಗಿತ್ತು. ಅವರು ಇನ್ನೂ ಎಳೆಯುತ್ತಲೇ ಇದ್ದರು.