ಮಡ್‌ಗಾರ್ಡಿನ ಮೇಲೆ ಮಲಗಿದವನು

ಶಂಕ್ರಪ್ಪನ ಜೀಪಿಗೆ ಹುಚ್ಚು ಹಿಡಿದದ್ದು ಎಮರ್ಜೆನ್ಸಿ ಮುಗಿದ ವರ್ಷದ ಬೇಸಿಗೆಯಲ್ಲಿ. ಮಿಲಿಟರಿಯವರು ಹರಾಜಿಗೆ ಬಿಟ್ಟ, ಎಡಗಡೆ ಸ್ಟೀರಿಂಗಿನ ಹಳೇ ಗಾಡಿ ಅದು. ಬಿದಿರಿನ ಗುತ್ತಿಗೆ ಹಿಡಿದಿದ್ದ ಶಂಕ್ರಪ್ಪನನ್ನು ಹೊತ್ತು ಹಳಿಯಾಳದಿಂದ ದಾಂಡೇಲಿಗೆ, ಅಲ್ಲಿಂದ ಜೋಯಿಡಾದ ಕಾಡಿನೊಳಕ್ಕೆ ಅದು ತುಳಿಯದ ದಾರಿ ಇರಲಿಲ್ಲ. ಮೆಲ್ಲಗೆ ಓಡಿಸಿದರೆ ಎಮ್ಮೆಯಷ್ಟು ಸಾಧು. ವೇಗ ಹಿಡಿದು ಒಂದು ತೆಗ್ಗಿಗೆ ಬಿತ್ತೋ, ಮುಂದಿನ ಗಾಲಿಗಳೆರಡೂ ಅತ್ತಿತ್ತ ಬಡಿದಾಡಿ, ಸ್ಟೀರಿಂಗು ಕೈಯಿಂದ ಕಿತ್ತುಕೊಂಡು ತನ್ನಷ್ಟಕ್ಕೆ ಗಿರಗಿರ ತಿರುಗುತ್ತಿತ್ತು.

ಡ್ರೈವರ್ ಸಾತಪ್ಪನ ಹೆಬ್ಬೆರಳು ಮುರಿದದ್ದು ಹಾಗೆಯೇ. ಜೀಪು ಗಟಾರಕ್ಕೆ ಇಳಿದು ನಿಂತಿತು. ಶಂಕ್ರಪ್ಪ ಧೂಳು ಕೊಡವಿಕೊಂಡು ಇಳಿದವನು ಬೆರಳು ನೋಡಲಿಲ್ಲ, ಗಾಲಿ ನೋಡಲಿಲ್ಲ.

"ಗಾಡಿಗೇನೂ ಆಗಿಲ್ಲಲೇ. ಕುಡದ ಕೈ ನಡಗತಾವ," ಎಂದ.

ಸಾತಪ್ಪ ಬೆಳಗಾವಿ ಕಡೆಯವನು. ಕೊರಳಲ್ಲಿ ತುಳಸಿ ಮಾಲೆ, ವರ್ಷಕ್ಕೊಮ್ಮೆ ಪಂಢರಪುರ. ಹೆಂಡದ ಹನಿ ನಾಲಗೆಗೆ ಸೋಕಿಸಿದವನಲ್ಲ. ಆದರೂ ಮರುದಿನದಿಂದ ಬಿದಿರಿನ ಡಿಪೋದ ಬಾಗಿಲಲ್ಲಿ ಕೂಲಿಗಳೆಲ್ಲ ನೋಡುವಂತೆ ಶಂಕ್ರಪ್ಪ ಅವನನ್ನು ನಿಲ್ಲಿಸಿ, "ಬಾಯಿ ತಗಿ, ಆ ಅನ್ನು," ಎಂದು ಮೂಸಿ ನೋಡಿದ ಮೇಲೆಯೇ ಕೀಲಿ ಕೊಡತೊಡಗಿದ. ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಸಂತಾನ ಮಾತ್ರ ನಗಲಿಲ್ಲ.

ಸಂತಾನ ಸಿದ್ದಿ ಜನದವನು. ಜೀಪಿನ ಹಿಂದೆ ಕೂತು ಕಾಡಿನ ಗೇಟು ತೆಗೆಯುವುದು, ಏರಿನಲ್ಲಿ ಗಾಲಿಗೆ ಕಲ್ಲು ಕೊಡುವುದು ಅವನ ಕೆಲಸ. ಗಟಾರಕ್ಕೆ ಇಳಿದ ದಿನ ಸಾತಪ್ಪನ ಬೆರಳಿಗೆ ಬಿದಿರಿನ ಸೀಳು ಇಟ್ಟು ತನ್ನ ರುಮಾಲು ಹರಿದು ಕಟ್ಟಿದವನು ಅವನೇ. ಸಾತಪ್ಪನಿಗೆ ಅದು ನೆನಪಿತ್ತು. ಮೂಸುವಾಗ ಅವನು ನಗದೆ ನೋಡುತ್ತ ನಿಲ್ಲುವುದು ಮಾತ್ರ ಉಳಿದವರ ನಗೆಗಿಂತ ಹೆಚ್ಚು ಚುಚ್ಚುತ್ತಿತ್ತು.

ಕೊನೆಗೆ ಸಾತಪ್ಪನೇ ಶಂಕ್ರಪ್ಪನನ್ನು ಬೇಡಿಕೊಂಡು ಜೀಪನ್ನು ಹಳಿಯಾಳದ ಮಿಸ್ತ್ರಿ ಇಮಾಮಸಾಬನ ಹತ್ತಿರ ಒಯ್ಯಿಸಿದ. ರೋಗ ಸಿಕ್ಕರೆ ತಾನು ಕುಡುಕನಲ್ಲ ಎಂಬುದಾದರೂ ಊರಿಗೆ ಗೊತ್ತಾದೀತು. ಇಮಾಮಸಾಬ ಗಾಲಿಗಳ ಗಾಳಿ ನೋಡಿದ, ಹಿಂದಿನವನ್ನು ಮುಂದಕ್ಕೆ ಹಾಕಿದ. ಜಾಕ್ ಕೊಟ್ಟು ಎತ್ತಿ ಒಂದೊಂದು ಗಾಲಿಯನ್ನೂ ಮೇಲೆ ಕೆಳಗೆ ಅಲ್ಲಾಡಿಸಿದ. ಸ್ಟೀರಿಂಗಿನ ಡಬ್ಬಿ ಬಿಚ್ಚಿ ಮುಚ್ಚಿದ. ಸಾತಪ್ಪ ಸ್ಟೀರಿಂಗು ತಿರುವುತ್ತಿದ್ದಂತೆ ಕೆಳಗೆ ಮಲಗಿ, ಗಾಲಿ ತಿರುಗಿಸುವ ಸಲಾಕೆಗಳ ಸಂದು ಸಂದಿಗೂ ಬೆರಳಿಟ್ಟ.

"ನಿಂತಾಗ ಎಲ್ಲಾ ಬರೋಬರಿ ಐತ್ರಿ," ಎಂದ. "ಓಡುವಾಗ ಯಾವ ಸಂದು ಬಿಡತೈತಿ ಅಂತ ಕಣ್ಣಿಲೆ ನೋಡಬೇಕು. ಇಲ್ಲಾಂದ್ರ ಎಲ್ಲಾ ಬಿಚ್ಚಿ ಹೊಸಾದು ಹಾಕಬೇಕು. ಸಾಮಾನು ಮುಂಬಯಿಯಿಂದ ಬರೂತನಕ ಗಾಡಿ ಇಲ್ಲೇ ನಿಲ್ಲತೈತಿ."

"ಮಳಿಗಾಲ ಬರೂದ್ರಾಗ ಬಿದರು ಹೊರಗ ಬರಬೇಕು. ಗಾಡಿ ನಿಲ್ಲಂಗಿಲ್ಲ," ಎಂದ ಶಂಕ್ರಪ್ಪ. "ಓಡುವಾಗ ನೋಡಾಂವ ಯಾಂವ? ನೀನ?"

"ನಾ ಒಲ್ಲೆರಿ," ಎಂದ ಇಮಾಮಸಾಬ.

ಶಂಕ್ರಪ್ಪನ ಕಣ್ಣು ಸಾತಪ್ಪನ ಕಡೆ ತಿರುಗಿತು. ಸಾತಪ್ಪ ಯೋಚಿಸಲಿಲ್ಲ. ಯೋಚಿಸುವಷ್ಟರಲ್ಲಿ ಬಾಯಿ ಆಡಿಬಿಟ್ಟಿತ್ತು.

"ಸಂತಾನನ್ನ ಮಡ್‌ಗಾರ್ಡ್ ಮ್ಯಾಲ ಮಲಗಿಸೋಣ್ರಿ. ಗಿಡಾ ಹತ್ತಿ ಜೇನ ಕೀಳಾಂವ, ಬೀಳಂಗಿಲ್ಲ."

ಹೊರಗೆ ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದ ಸಂತಾನನನ್ನು ಕರೆದು ಹೇಳಿದರು. ಅವನು ಒಮ್ಮೆ ಜೀಪನ್ನು, ಒಮ್ಮೆ ಸಾತಪ್ಪನನ್ನು ನೋಡಿದ. "ನೀ ಓಡ್ಸತಿ ಹೌದಲ್ಲ?" ಎಂದು ಕೇಳಿದ.

"ನಾನ ಓಡ್ಸತೇನಿ."

"ಹಂಗಾದ್ರ ಆತು."

ದಾಂಡೇಲಿ ರಸ್ತೆಯಲ್ಲಿ ಊರು ದಾಟಿದ ಮೇಲೆ ಸಾಗವಾನಿ ಮರಗಳ ನಡುವೆ ನೆಟ್ಟಗಿನ ದಾರಿಯೊಂದಿತ್ತು. ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು. ಸಂತಾನ ಬಲಗಡೆಯ ಮಡ್‌ಗಾರ್ಡಿನ ಮೇಲೆ ಬೋರಲು ಮಲಗಿ, ತಲೆಯನ್ನು ಗಾಲಿಯ ಸಂದಿಗೆ ಇಳಿಬಿಟ್ಟು, ಒಂದು ಕೈಯಲ್ಲಿ ಹೆಡ್‌ಲೈಟಿನ ಮುಂದಿನ ಸರಳು ಹಿಡಿದ. ಸಾತಪ್ಪನಿಗೆ ಕಾಣುತ್ತಿದ್ದುದು ಅವನ ಬಿರಿದ ಅಂಗಾಲುಗಳು ಮಾತ್ರ.

"ಸೊಂಟಕ್ಕ ಹಗ್ಗಾ ಕಟ್ಟೋಣ್ರಿ," ಎಂದ ಇಮಾಮಸಾಬ.

"ಹಗ್ಗಾ ಕಟ್ಟಿದ್ರ ಬಗ್ಗಿ ಹೆಂಗ ನೋಡ್ಯಾನು? ನಡಿ," ಎಂದು ಶಂಕ್ರಪ್ಪ ಸಾತಪ್ಪನ ಪಕ್ಕದಲ್ಲಿ ಹತ್ತಿ ಕೂತ. ಇಮಾಮಸಾಬ ದಾರಿಯ ಬದಿಗೆ ಉಳಿದ.

ವೇಗ ಹಿಡಿದು ಒಂದು ತೆಗ್ಗಿಗೆ ಗಾಲಿ ಬಿದ್ದದ್ದೇ ಜೀಪು ನಾಯಿ ಮೈ ಕೊಡವಿದಂತೆ ಕೊಡವಿತು. ಸಾತಪ್ಪ ಹಲ್ಲು ಕಚ್ಚಿ, ಹೆಬ್ಬೆರಳು ಹೊರಗಿಟ್ಟು, ಅಂಗೈಯಲ್ಲೇ ಸ್ಟೀರಿಂಗು ಅದುಮಿದ. ಅಂಗಾಲುಗಳು ಹಾರಿ ಹಾರಿ ಬಾನೆಟ್ಟಿಗೆ ಬಡಿದವು. ಸಂತಾನ ಕೂಗಿದ: "ಕಂಡಿತು! ನಡಬರಕಿನ ತುಂಡು! ಗೂಟ ಕುಣ್ಯಾಕತ್ತೈತಿ! ನಿಲ್ಸೋ!"

ಸಾತಪ್ಪ ನಿಲ್ಲಿಸಿದ. ಅಲ್ಲಿಗೆ ಮುಗಿಯಿತು ಎಂದುಕೊಂಡ. ರೋಗ ಸಿಕ್ಕಿತ್ತು. ಎರಡು ಗಾಲಿಗಳ ಸಲಾಕೆಗಳು ಬಂದು ಕೂಡುವ ನಡುವಿನ ತುಂಡು, ಅದರ ಗೂಟ ಸವೆದಿರಬೇಕು.

"ಇನ್ನೊಮ್ಮೆ," ಎಂದ ಶಂಕ್ರಪ್ಪ.

"ಕಂಡೈತಲ್ರಿ ಧಣಿ."

"ಅಂವಗೇನ ತಿಳೀತೈತಿ? ಅದನ್ನ ಬಿಚ್ಚಿ, ಅದಲ್ಲ ಅಂತಾದ್ರ? ಖಾತ್ರಿ ಆಗಲಿ. ಈ ಸಲ ಜೋರ ಬಿಡು." ಸಾತಪ್ಪ ಗೇರು ಹಾಕಲಿಲ್ಲ. ಶಂಕ್ರಪ್ಪ ಅವನ ಮುಖದ ಹತ್ತಿರ ಮೂಗು ತಂದು, "ಯಾಕ, ಇವತ್ತೂ ಹಾಕ್ಕೊಂಡೀಯೇನು?" ಎಂದ.

ಸಂತಾನ ತಲೆ ಎತ್ತಿ ಹಿಂದೆ ನೋಡುತ್ತಿದ್ದ. ಸಾತಪ್ಪ ಜೀಪು ತಿರುಗಿಸಿಕೊಂಡು ಬಂದು ಜೋರಾಗಿ ಬಿಟ್ಟ.

ಈ ಸಲ ಕೂಗು ಕೇಳಿಸಲಿಲ್ಲ. ಅಂಗಾಲುಗಳು ಇದ್ದ ಜಾಗದಲ್ಲಿ ಬರೀ ಹಸಿರು ತಗಡು ಕಂಡಿತು. ಹಿಂದಿನ ಗಾಲಿ ಏನನ್ನೋ ಹತ್ತಿ ಇಳಿಯಿತು.

ಸಂತಾನ ದಾರಿಯ ಅಂಚಿನಲ್ಲಿ ಬಿದ್ದಿದ್ದ. ಮೊಣಕಾಲಿನ ಕೆಳಗೆ ಕಾಲು ತಿರುಗಬಾರದ ಕಡೆಗೆ ತಿರುಗಿತ್ತು. ಸಾತಪ್ಪ ಓಡಿ ಎತ್ತಲು ಹೋದ. ಶಂಕ್ರಪ್ಪ ಅವನ ತೋಳು ಹಿಡಿದು ಹಿಂದಕ್ಕೆ ಜಗ್ಗಿ, ತಾನು ಕುಕ್ಕರುಗಾಲಿನಲ್ಲಿ ಕೂತು ಕೇಳಿದ:

"ಏನ ಕಂಡಿ? ಎಚ್ಚರ ತಪ್ಪೂಕಿಂತ ಮೊದ್ಲ ಹೇಳು. ಅದ ತುಂಡೇನು?"

"ಅದ ರೀ," ಎಂದ ಸಂತಾನ. "ನಡಬರಕಿಂದು."

ಹಳಿಯಾಳದ ಕಡೆಗೆ ಹೊರಟ ಬಿದಿರಿನ ಲಾರಿ ಬರುವ ತನಕ ಅವನನ್ನು ನೆರಳಿಗೆ ಎಳೆದು ಮಲಗಿಸಿದರು. ಓಡಿ ಬಂದು, ಜೀಪಿನಲ್ಲಿ ಒಯ್ಯೋಣ ಎಂದ ಇಮಾಮಸಾಬನಿಗೆ ಶಂಕ್ರಪ್ಪ, "ಇಂಥಾ ಸ್ಟೀರಿಂಗ್ ನಂಬಿ ಹೋಗಿ ಎಲ್ಲಾರೂ ಸಾಯೂಣೇನು?" ಎಂದ.

ದವಾಖಾನೆಯಲ್ಲಿ ಡಾಕ್ಟರು, ಹೇಗಾಯಿತು ಎಂದು ಕೇಳಿದಾಗ ಶಂಕ್ರಪ್ಪ ಸಾತಪ್ಪನ ಬೆನ್ನ ಮೇಲೆ ಕೈ ಇಟ್ಟ, ಅಷ್ಟೇ.

"ಲಾರಿ ಮ್ಯಾಲಿಂದ ಬಿದ್ದಾನ್ರಿ," ಎಂದ ಸಾತಪ್ಪ. ಆಮೇಲೆ ಯಾರೂ ಕೇಳದಿದ್ದರೂ ಇನ್ನೊಂದು ಸೇರಿಸಿದ: "ಕುಡದಿದ್ದ."

ಬಾಗಿಲ ಹತ್ತಿರ ಸಂತಾನನ ಹೆಂಡತಿ ಅನ್ನಾ ನಿಂತಿದ್ದಳು. ಅವಳು ಯಾವಾಗ ಬಂದಳೋ ಅವನಿಗೆ ಗೊತ್ತಿರಲಿಲ್ಲ.

ಕಾಲು ಉಳಿಯಲಿಲ್ಲ. ಹುಬ್ಬಳ್ಳಿಯ ಲೇಥಿನಲ್ಲಿ ಹೊಸ ಗೂಟ ಕಡೆಸಿ ಹಾಕಿದ ಮೇಲೆ ಜೀಪು ಬೆಣ್ಣೆಯಂತೆ ತಿರುಗತೊಡಗಿತು. ಶಂಕ್ರಪ್ಪ ಸಾತಪ್ಪನ ಬಾಯಿ ಮೂಸುವುದನ್ನು ಬಿಟ್ಟ. ಕೂಲಿಗಳ ಮುಂದೆ ಒಮ್ಮೆ ಅವನನ್ನು ಹೊಗಳಿಯೂ ಹೊಗಳಿದ. ಸಂತಾನನ ಕೆಲಸವನ್ನು, ಮಹಾ ಉಪಕಾರ ಮಾಡಿದವನಂತೆ, ಅನ್ನಾಳಿಗೆ ಕೊಟ್ಟ.

ಈಗ ಅವಳು ಜೀಪಿನ ಹಿಂದೆ ಕೂಡುತ್ತಿದ್ದಳು. ಗೇಟು ಬಂದಾಗ ಇಳಿಯುತ್ತಿದ್ದಳು, ತೆಗೆಯುತ್ತಿದ್ದಳು, ಮುಚ್ಚಿ ಹತ್ತುತ್ತಿದ್ದಳು. ಮಾತಿಲ್ಲ. ಮಳೆಗಾಲ ಕಳೆದು ಬಿದಿರು ಕಡಿಯುವ ಕೂಪುಗಳು ಮತ್ತೆ ತೆರೆದಾಗ, ಶಂಕ್ರಪ್ಪ ಇಲ್ಲದ ಒಂದು ದಿನ, ಜೋಯಿಡಾದ ಏರಿನಲ್ಲಿ ಅವಳ ದನಿ ಸಾತಪ್ಪನ ಕತ್ತಿನ ಹತ್ತಿರವೇ ಕೇಳಿಸಿತು.

"ಮೊದಲನೇ ಸಲಕ್ಕ ಕಂಡೈತಿ ಅಂತ ಅಂದಿದ್ನಂತ. ಎರಡನೇ ಸಲ ಯಾಕ ಓಡ್ಸಿದಿ?"

"ಧಣಿ ಅಂದ್ರು," ಎಂದ ಸಾತಪ್ಪ.

"ಬ್ರೇಕಿನ ಮ್ಯಾಲ ಕಾಲು ಯಾರದಿತ್ತು?"

ಅವನು ಗೇರು ಬದಲಿಸಿ ಜೀಪನ್ನು ಏರು ಹತ್ತಿಸಿದ. ಸಂಜೆ ಅವನು ಶಂಕ್ರಪ್ಪನ ಮನೆಗೆ ಹೋಗಿ ಅಂಗಳದಲ್ಲಿ ಕೈಕಟ್ಟಿ ನಿಂತ.

"ಆ ಹೆಂಗಸು ಬ್ಯಾಡ್ರಿ ಧಣಿ. ಏರಿನ್ಯಾಗ ಗಾಲಿಗಿ ಕಲ್ಲು ಹೊತ್ತಿಗಿ ಕೊಡೂದಿಲ್ಲ. ಗಂಡಸನ್ನ ಇಟಗೊಳ್ರಿ."

ಮರುದಿನ ಡಿಪೋದ ಬಾಗಿಲಲ್ಲಿ ಅನ್ನಾಳನ್ನು ತಿರುಗಿ ಕಳಿಸಿದರು. ಸಾತಪ್ಪ ಇಂಜಿನ್ ಬಿಸಿ ಮಾಡುತ್ತ ಜೀಪಿನಲ್ಲಿಯೇ ಕೂತಿದ್ದ. ಅವಳು ರಸ್ತೆ ದಾಟಿ ಕಾಣದಾಗುವವರೆಗೂ ಇಳಿಯಲಿಲ್ಲ.