ಮೂಳೆಯ ಬಿಲ್ಲೆ

ಸಂತೇಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಸಿದ್ದಮಲ್ಲಪ್ಪನವರಿಗೆ ಮಗಳು ಹೇಮಶ್ರೀ ಎಷ್ಟು ಓದಿದರೂ ತಕರಾರಿರಲಿಲ್ಲ. ಷರತ್ತು ಒಂದೇ: ಮಾಂಸ, ಮೂಳೆ ಮುಟ್ಟುವ ಓದು ಬೇಡ. ಮಠದ ಜೊತೆ ಮೂರು ತಲೆಮಾರಿನ ಒಡನಾಟವಿದ್ದ ಮನೆ ಅದು. ಅದಕ್ಕೇ ಹುಡುಗಿ ಡಾಕ್ಟರಿಕೆಯ ಆಸೆ ಬಿಟ್ಟು ರಸಾಯನಶಾಸ್ತ್ರ ಹಿಡಿದಳು. ಸಂಶೋಧನೆಗೆ ಸೇರಿದಾಗಿನಿಂದ ಎರಡು ವರ್ಷ, ಅಂದರೆ 2003ರವರೆಗೂ, ವಾರಕ್ಕೆರಡು ಸಲ ಎತ್ತಿನ ಮೂಳೆ ತೊಳೆಯುತ್ತಲೇ ಇದ್ದಳು. ಮನೆಯಲ್ಲಿ ಕೇಳಿದರೆ ಸುಣ್ಣದಂಥ ಪುಡಿಯ ಕೆಲಸ ಎನ್ನುತ್ತಿದ್ದಳು. ಪೂರ್ತಿ ಸುಳ್ಳೇನಲ್ಲವಲ್ಲ ಎಂಬುದೇ ಅವಳ ಸಮಾಧಾನ. ಅರ್ಧ ನಿಜ ಹೇಳುವವರಿಗೆ ನಿದ್ದೆ ಚೆನ್ನಾಗಿಯೇ ಬರುತ್ತದೆ.

ಕೆಲಸವೇನೋ ಒಳ್ಳೆಯದೇ. ಮುರಿದ ಮೂಳೆಗೆ ಪ್ಲಾಸ್ಟಿಕ್ಕಿನ ಮೊಳೆ ಹಾಕಿದರೆ ಹಗುರ, ತುಕ್ಕಿನ ಭಯವಿಲ್ಲ. ಆದರೆ ಮೂಳೆ ಅದನ್ನು ಹತ್ತಿರ ಸೇರಿಸುವುದಿಲ್ಲ. ಸುತ್ತ ಒಂದು ಪೊರೆ ಕಟ್ಟಿ ದೂರವೇ ಇಡುತ್ತದೆ, ಮೊಳೆ ಸಡಿಲವಾಗುತ್ತದೆ. ಮೂಳೆಯಲ್ಲಿರುವ ಖನಿಜವನ್ನೇ ತೆಳ್ಳಗೆ ಲೇಪಿಸಿದರೆ ಮೂಳೆ ತನ್ನದೇ ಎಂದುಕೊಂಡು ಬೆಸೆದುಕೊಳ್ಳುತ್ತದೆ. ಆ ಖನಿಜವನ್ನು ಕೊಳ್ಳುವುದು ದುಬಾರಿ. ಎತ್ತಿನ ಮೂಳೆ ಬೇಯಿಸಿ, ಫರ್ನೇಸಿನಲ್ಲಿ ಬೆಳ್ಳಗಾಗುವವರೆಗೆ ಸುಟ್ಟು ಮಾಡಿಕೊಂಡರೆ ಅಗ್ಗ. ಪುಡಿಯನ್ನು ಬಿಲ್ಲೆಯಾಗಿ ಒತ್ತಿ ಬೆಂಗಳೂರಿನ ಒಂದು ಯಂತ್ರದೊಳಗಿಟ್ಟರೆ ಅದರ ಕಣಗಳೆದ್ದು ಮೊಳೆಯ ಮೇಲೆ ಕೂರುತ್ತವೆ, ಮೊಳೆ ಹೆಚ್ಚು ಬಿಸಿಯಾಗದ್ದರಿಂದ ಪ್ಲಾಸ್ಟಿಕ್ಕೂ ಕರಗುವುದಿಲ್ಲ. ಆ ಯಂತ್ರದಲ್ಲಿ ಸರದಿ ಸಿಗಲು ಹೇಮಶ್ರೀ ನಾಲ್ಕು ತಿಂಗಳು ಕಾದಿದ್ದಳು. ಒತ್ತಿದ ಏಳು ಬಿಲ್ಲೆಗಳಲ್ಲಿ ಬಿರುಕು ಬಿಡದೆ ಉಳಿದದ್ದು ಒಂದೇ.

ಆ ಒಂದನ್ನು ಬುಧವಾರ ಸಂಜೆ ಬಿಳಿ ಬಟ್ಟೆಯಲ್ಲಿ ಸುತ್ತಿ ರಾಮಕೃಷ್ಣನಗರದ ಮನೆಗೆ ತಂದಳು. ಮರುದಿನ ಬೆಳಗಿನ ರೈಲಿಗೆ ಹೊರಡಬೇಕಿತ್ತು. ನಡುಮನೆಯ ಮೇಜಿನ ಮೇಲಿಟ್ಟವಳು ಹೊರಡುವ ಗಡಿಬಿಡಿಯಲ್ಲಿ ಮತ್ತೆ ಅತ್ತ ನೋಡಲಿಲ್ಲ. ತಾಯಿ ಪಾರ್ವತಮ್ಮ ಮೇಜು ಒರೆಸುವಾಗ ಬಟ್ಟೆ ಬಿಚ್ಚಿ ನೋಡಿದರು. ಒಳಗೆ ಬೆಳ್ಳನೆಯ ಬಿಲ್ಲೆ. ಆ ಮನೆಯಲ್ಲಿ ಅದು ವಿಭೂತಿಯಲ್ಲದೆ ಇನ್ನೇನಾದೀತು? ಯಜಮಾನರ ವಿಭೂತಿ ಗಟ್ಟಿ ಬೇರೆ ಸವೆದು ಚೂರಾಗಿತ್ತು. ಮಠದಿಂದ ಯಾರೋ ಕೊಟ್ಟು ಕಳಿಸಿರಬೇಕೆಂದು ಕಣ್ಣಿಗೊತ್ತಿಕೊಂಡು ದೇವರಮನೆಯಲ್ಲಿಟ್ಟರು.

ಬೆಳಗ್ಗೆ ಐದೂವರೆಗೆ ಹೇಮಶ್ರೀ ಬ್ಯಾಗು ಹಿಡಿದು ಬಂದಾಗ ಮೇಜು ಖಾಲಿ. ದೇವರಮನೆಯಲ್ಲಿ ಅಪ್ಪ ಲಿಂಗಪೂಜೆ ಮುಗಿಸಿ ಕೂತಿದ್ದರು. ಹಣೆ, ತೋಳು, ಎದೆಯ ಮೇಲೆಲ್ಲ ಬೆಳ್ಳನೆಯ ಪಟ್ಟೆ. ಮುಂದಿನ ತಟ್ಟೆಯಲ್ಲಿ ಅವಳ ಬಿಲ್ಲೆ ನೀರು ಕುಡಿದು ಕೂತಿತ್ತು, ಅದರ ಮೇಲೆ ಮೂರು ಬೆರಳು ಉಜ್ಜಿದ ಹಳ್ಳ.

"ಈ ಸಲದ ವಿಭೂತಿ ಎಷ್ಟು ನುಣ್ಣಗಿದೆ ನೋಡಮ್ಮ," ಎಂದರು ಸಿದ್ದಮಲ್ಲಪ್ಪನವರು. "ಬಾ ಇಲ್ಲಿ. ಒಳ್ಳೆ ಕೆಲಸಕ್ಕೆ ಹೊರಟಿದ್ದೀಯ." ಅವರ ಬೆರಳು ಅವಳ ಹಣೆಯತ್ತ ಬಂತು.

ಹಣೆ ಒಡ್ಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬಿಲ್ಲೆ ಹೇಗೂ ಹಾಳಾಗಿತ್ತು. ಬೆಂಗಳೂರಿನವರಿಗೆ ಒಡೆದುಹೋಯಿತು ಎಂದರೆ ಸಾಕು. ಅಪ್ಪನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ, ಗೊತ್ತಾದರೆ ನಾಳೆಯಿಂದ ಲ್ಯಾಬೂ ಇಲ್ಲ, ಡಾಕ್ಟರೇಟೂ ಇಲ್ಲ. ಆದರೆ ಪೂಜೆ ಮುಗಿಸಿ ಕೂತ ಮನುಷ್ಯನ ಹಣೆ ನೋಡಿಕೊಂಡು ಸುಳ್ಳು ಹೇಳಲು ಬೇರೆಯದೇ ಎದೆಗಾರಿಕೆ ಬೇಕು, ಅದು ಅವಳಲ್ಲಿರಲಿಲ್ಲ.

"ಅಪ್ಪಾಜಿ, ಅದು ವಿಭೂತಿ ಅಲ್ಲ."

"ಮತ್ತೆ?"

"ನನ್ನ ಲ್ಯಾಬಿಂದು. ಮೂಳೆ ಸುಟ್ಟು ಮಾಡಿದ್ದು."

"ಯಾತರ ಮೂಳೆ?"

"ಎತ್ತಿಂದು."

ದೇವರ ಪಕ್ಕದಲ್ಲಿ ಹಿತ್ತಾಳೆಯ ಬಸವ ಇತ್ತು. ಸಿದ್ದಮಲ್ಲಪ್ಪನವರು ಅದರತ್ತ ಒಮ್ಮೆ ನೋಡಿದರು. ಕೂಗಾಡಲಿಲ್ಲ. ಎದ್ದು ಬಚ್ಚಲಿಗೆ ಹೋದರು, ಬಾಗಿಲಾಚೆ ನೀರು ಸುರಿಯುವ ಸದ್ದು ಬಹಳ ಹೊತ್ತು ನಿಲ್ಲಲಿಲ್ಲ. ಪಾರ್ವತಮ್ಮ ಅಳುತ್ತಲೇ ದೇವರಮನೆ ತೊಳೆದರು. ಶಿವನೇ ಸುಡುಗಾಡಿನ ಬೂದಿ ಬಳಿದುಕೊಳ್ಳುತ್ತಾನಲ್ಲ ಎಂಬ ಜಾಣ ಮಾತು ಹೇಮಶ್ರೀಯ ನಾಲಗೆ ತುದಿಗೆ ಬಂದಿತ್ತು. ಎರಡು ವರ್ಷ ಸುಳ್ಳು ಹೇಳಿದ ಬಾಯಿಗೆ ಅದು ಒಪ್ಪುವುದಿಲ್ಲವೆಂದು ನುಂಗಿಕೊಂಡಳು. ಅಷ್ಟು ಹೊತ್ತಿಗೆ ರೈಲು ಹೋಗಿತ್ತು. ಅವಳಿಗೆ ರೈಲಿನ ಚಿಂತೆ ಇರಲಿಲ್ಲ, ಅಪ್ಪ ಬಚ್ಚಲಿಂದ ಬಂದು ಏನೆನ್ನುತ್ತಾರೋ ಎಂಬುದಷ್ಟೇ ಇತ್ತು.

ಎಂಟು ಗಂಟೆಗೆ ತಿಂಡಿಗೆ ಕೂತಾಗಲೇ ಅವರು ಮಾತಾಡಿದ್ದು.

"ಎಷ್ಟು ದಿನದಿಂದ?"

"ಎರಡು ವರ್ಷ."

"ಮೂಳೆ ಯಾರು ತೊಳೆಯೋದು?"

"ಅಟೆಂಡರ್ ಕೆಂಪಯ್ಯ ತಂದ್ಕೊಡ್ತಾರೆ. ತೊಳೆಯೋದು, ಬೇಯ್ಸೋದು ನಾನೇ."

"ಆ ಕೈಯಲ್ಲೇ ರಾತ್ರಿ ನಂಗೆ ಬಡಿಸ್ತಿದ್ದೆ."

"ಹೂಂ ಅಪ್ಪಾಜಿ. ಸೋಪ್ ಹಾಕಿ ತೊಳ್ಕೊಂಡು."

ಪಾರ್ವತಮ್ಮನಿಗೆ ತಡೆಯಲಾಗಲಿಲ್ಲ. "ಇನ್ಮೇಲೆ ಅಡಿಗೆಮನೆಗೆ ಕಾಲಿಡಬೇಡ ಕಣೆ ನೀನು. ಆ ಲ್ಯಾಬಿಗೂ ಹೋಗ್ಬೇಡ. ಓದಿದ್ದು ಸಾಕು ಬುಡು."

ಸಿದ್ದಮಲ್ಲಪ್ಪನವರು ಮಗಳ ಕೈಗಳನ್ನೇ ನೋಡುತ್ತಿದ್ದರು. ಸುಟ್ಟ ಗಾಯದ ಒಂದೆರಡು ಕಲೆ ಬಿಟ್ಟರೆ ಎಂದಿನ ಕೈಗಳೇ. ಆ ಪುಡಿ ಯಾತಕ್ಕೆ ಎಂದು ಕೇಳಿದರು, ಮುರಿದ ಮೂಳೆಗೆ ಹಾಕುವ ಮೊಳೆಗೆ ಬಳಿಯಲು, ಬಳಿದರೆ ಮೂಳೆ ಅದನ್ನು ಬಿಡುವುದಿಲ್ಲ ಎಂದಳು.

"ಆ ಮೊಳೆ ಮೂಳೆಗೆ ಅಂಟ್ಕೊಳ್ಳೋದು ನಿಜಾನಾ?"

ಹೌದೆನ್ನಬಹುದಿತ್ತು. "ಅಂಟ್ಕೊಳ್ಳತ್ತೆ ಅಂದ್ಕೊಂಡಿದ್ದೀನಿ. ಇನ್ನೂ ನಾನೇ ಕಣ್ಣಲ್ಲಿ ನೋಡಿಲ್ಲ," ಎಂದಳು.

"ಇನ್ನೊಂದು ಬಿಲ್ಲೆ ಮಾಡೋಕೆ?"

"ಎರಡು ತಿಂಗಳು ಬೇಕು. ಸರದಿ ಬೇರೆ ಮತ್ತೆ ಕೇಳ್ಬೇಕು."

ಪಾರ್ವತಮ್ಮ ಉಪ್ಪಿಟ್ಟಿನ ಪಾತ್ರೆ ತಂದು ಬಡಿಸಲು ಬಗ್ಗಿದಾಗ ಸಿದ್ದಮಲ್ಲಪ್ಪನವರು ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದರು.

"ನೀನು ಬುಡು. ಹೇಮ ಬಡಿಸ್ಲಿ."

ಅವಳು ಸೌಟು ಹಿಡಿದು ಬಡಿಸಿದಳು, ಅರ್ಧ ಉಪ್ಪಿಟ್ಟು ತಟ್ಟೆಯಾಚೆ ಬಿತ್ತು. ಸಿದ್ದಮಲ್ಲಪ್ಪನವರು ಮೊದಲ ತುತ್ತನ್ನು ಅಗಿಯದೆ ನುಂಗಿದರು. ಒಂದು ಲೋಟ ನೀರು ಕುಡಿದರು. ಎರಡನೆಯ ತುತ್ತು ಬಾಯಿಗಿಟ್ಟರು. ಆಮೇಲೆ ತಲೆ ಎತ್ತದೆ ತಟ್ಟೆ ಖಾಲಿ ಮಾಡಿ, "ಇನ್ನೊಂಚೂರು ಹಾಕು," ಎಂದರು.