ಸುಣ್ಣದ ದೊರೆಯ ಕಲ್ಲು

ಕುಷ್ಟಗಿ ತಾಲ್ಲೂಕಿನ ಹನುಮಸಾಗರದಿಂದ ಗುಡ್ಡದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿಯಿದೆ. ಈ ಕಥೆ ಹೇಳಿದವರು ಊರ ಹೆಸರು ಬರೆಯಬೇಡಿ ಎಂದು ಕೇಳಿಕೊಂಡಿದ್ದರಿಂದ ಬರೆದಿಲ್ಲ. ಊರ ಹೊರಗೆ, ಹಳೆಯ ಕೆರೆಯ ಒಡ್ಡಿನ ಕೆಳಗೆ, ಎದೆಯೆತ್ತರದ ಕರಿಕಲ್ಲೊಂದು ನಿಂತಿದೆ. ಹಗ್ಗ ತೂರಿಸಲು ಅದರ ನೆತ್ತಿಯ ಬಳಿ ಒಂದು ತೂತಿದೆ. ಅಮಾವಾಸ್ಯೆಯ ದಿನ ಊರಿನ ಹೆಂಗಸರು, ಆ ದಾರಿಯಲ್ಲಿ ಹಾದುಹೋಗುವ ಕುರಿಗಾರರು ಒಂದು ಹಿಡಿ ಕುದುರೆ ಲದ್ದಿಯನ್ನು ತಂದು ಕಲ್ಲಿನ ಮುಖಕ್ಕೆ ಎಸೆಯುತ್ತಾರೆ. ಎಸೆಯುವಾಗ ಆಡುವ ಮಾತು ಒಂದೇ: "ಪಕೀರವ್ವನ ಪಾಲು. ತಿನ್ನಪಾ ದೊರಿ." ಆಮೇಲೆ ಕಲ್ಲಿಗೆ ಬೆನ್ನು ಹಾಕಿ ಹೊರಡುತ್ತಾರೆ.

ಸಗಣಿಯ ಮಾತು ಬೇರೆ, ಲದ್ದಿಯ ಮಾತು ಬೇರೆ. ಸಗಣಿಯಿಂದ ಅಂಗಳ ಸಾರಿಸುತ್ತಾರೆ, ಒಲೆಯ ಸುತ್ತ ಸಾರಿಸುತ್ತಾರೆ, ದೇವರ ಮುಂದೆ ಸಾರಿಸುತ್ತಾರೆ. ಲದ್ದಿಯ ಜಾಗ ತಿಪ್ಪೆ. ಇದನ್ನು ತಿಳಿಯದ ಮನುಷ್ಯ ನಮ್ಮ ಸೀಮೆಯಲ್ಲಿಲ್ಲ. ತಿಳಿದೂ ತಿಳಿಯದಂತೆ ಇರಬಲ್ಲವರು ಇದ್ದಾರೆ ಎಂಬುದು ಈ ಕಥೆಯಿಂದ ಗೊತ್ತಾಯಿತು.

ಮೊದಲ ಭಾಗವನ್ನು ಹೇಳಿದವಳು ಹುಲಗಮ್ಮ. ಕುರಿ ಕಾಯುವ ಮನೆತನದ ಮುದುಕಿ, ಪಕೀರವ್ವನ ವಂಶದವಳು. ಅವಳ ಬಾಯಿಂದ ಬಂದದ್ದನ್ನು ಆದಷ್ಟು ಹಾಗೆಯೇ ಕೊಡುತ್ತೇನೆ.

ಹಿಂದೆ ದೊಡ್ಡ ಬರ ಬಿದ್ದ ಕಾಲ. ಕೆರೆ ಕಟ್ಟಿಸಲು ಒಬ್ಬ ಬಿಳಿ ಇಂಜಿನಿಯರ ಬಂದ. ಹಸಿದ ಜನ ಮಣ್ಣು ಹೊತ್ತರು. ದಿನದ ಕೊನೆಗೆ ಸಿಗುತ್ತಿದ್ದ ಗಂಜಿ ಮಣ್ಣು ಹೊರುವವರಿಗೆ ಮಾತ್ರ. ಮಗುವಿಗೆ ಇಲ್ಲ, ಬಾಣಂತಿಗೆ ಇಲ್ಲ. ಸಾಹೇಬನ ಕುದುರೆಗಳಿಗೆ ಮಾತ್ರ ಬೇಯಿಸಿದ ಹುರುಳಿ ತಪ್ಪುತ್ತಿರಲಿಲ್ಲ. ಕುದುರೆ ತಿಂದ ಹುರುಳಿಯೆಲ್ಲ ಹೊಟ್ಟೆಯಲ್ಲಿ ಕರಗುವುದಿಲ್ಲ. ಬೆಳಗಾಗುವ ಹೊತ್ತಿಗೆ ಹೆಂಗಸರು ಈ ಕಲ್ಲಿನ ಸುತ್ತ ಕೂತು ಲದ್ದಿ ಒಡೆದು, ಇಡಿಯಾಗಿ ಉಳಿದ ಕಾಳುಗಳನ್ನು ಆರಿಸಿ, ತೊಳೆದು, ಒಣಗಿಸಿ, ಬೀಸಿ, ಮಕ್ಕಳಿಗೆ ಅಂಬಲಿ ಕಾಸುತ್ತಿದ್ದರು.

"ಆವ ಡೇರೆದಾಗಿಂದ ಹೊರಗ ಬಂದು ನೋಡಿದ್ನಂತ," ಎಂದಳು ಹುಲಗಮ್ಮ. "ಮೂಗಿಗೆ ವಸ್ತ್ರ ಹಿಡಕೊಂಡ. ಏನು ಹೊಲಸು ಮಂದಿ ಇದು ಅಂದ. ಹಸದಾರ ಅನ್ಲಿಲ್ರಿ, ಹೊಲಸು ಅಂದ. ಕೆರಿ ಕಟ್ಟಾಕ ಸುಟ್ಟ ಸುಣ್ಣ ತರಿಸಿದ್ದ ನೋಡ್ರಿ, ಅದನ್ನ ದಿನಾ ಮುಂಜಾನಿ ಲದ್ದಿ ಮ್ಯಾಲ ಸುರೀರಿ ಅಂತ ಹುಕುಂ ಮಾಡಿದ. ಯಾರೂ ಮುಟ್ಟಬಾರದು ಅಂತ. ಮಂದಿ ಬಿಡ್ತಾರ? ಹೊಟ್ಟಿ ಕೇಳ್ತೈತಿ? ಪಕೀರವ್ವ ಹೋದ್ಲು. ಉಡ್ಯಾಗ ಕಟಗೊಂಡು ಬಂದು ನೀರಾಗ ಹಾಕಿದ್ಲು. ನೀರು ಕುದೀತು. ಕೈ ಸುಟ್ಟು ಹೋದ್ವು. ಆದ್ರೂ ಕಾಳು ಬಿಡಲಿಲ್ಲ ಆಕಿ. ಸಣ್ಣ ಮಗ ಮಗ್ಗಲದಾಗ ಕುಂತಿದ್ದ, ಮುಷ್ಟಿ ಹಾಕಿ ಬಾಯಾಗ ಇಟಗೊಂಡ. ಗಂಟಲಾ ಬೆಂದು ಹೋತು ಕೂಸಿಂದು. ಅದನ್ನ ಎತಗೊಂಡು ಆಕಿ ಡೇರೆ ಮುಂದ ಹೋಗಿ ಕುಂತ್ಲು, ಎದ್ದು ಬರಲೇ ಇಲ್ಲ. ಇಬ್ಬರ ಹೆಣದ ಮ್ಯಾಲೂ ಸುಣ್ಣ ಸುರಿಸಿದ್ನಂತ ಆ ನನ ಹಾಟ್ಯಾ. ನಾತ ಬರಬಾರದು ಅಂತ."

ಪಕೀರವ್ವನ ಹಿರಿಯ ಮಗಳು ಮತ್ತೊಬ್ಬರ ಮನೆಯಲ್ಲಿದ್ದುದರಿಂದ ಉಳಿದಳು. ಹುಲಗಮ್ಮನ ಮನೆತನ ಬೆಳೆದದ್ದು ಅವಳಿಂದ. ಸಾಹೇಬ ಕೆರೆ ಮುಗಿಸಿ ತನ್ನ ದೇಶಕ್ಕೆ ಹೋಗಿ, ವಯಸ್ಸಾಗಿ, ಹಾಸಿಗೆಯ ಮೇಲೆ ಸತ್ತನಂತೆ. ಇಲ್ಲಿ ಉಳಿದದ್ದು ಅವನ ಕುದುರೆ ಕಟ್ಟುತ್ತಿದ್ದ ಕಲ್ಲು, ಜನ ಇಟ್ಟ 'ಸುಣ್ಣದ ದೊರೆ' ಎಂಬ ಹೆಸರು, ಅಮಾವಾಸ್ಯೆಯ ಲದ್ದಿ.

ಇನ್ನು ಎರಡನೆಯ ಭಾಗ. ಇದು ನಡೆದು ಬಹಳ ದಿನವಾಗಿಲ್ಲ.

ಊರಿನಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿರುವವನು ಅಂದಪ್ಪ. ಅವನ ತಂಗಿಯ ಮಗ ಶರಣಕುಮಾರ ಗಂಗಾವತಿಯಲ್ಲಿ ಇಂಗ್ಲಿಷ್ ಕಲಿಸುತ್ತಾನೆ. ಈ ಶರಣಕುಮಾರ ಒಂದು ದಿನ ಮೊಬೈಲಿನಲ್ಲಿ ಏನನ್ನೋ ಹುಡುಕುತ್ತ, ಥಾರ್ನ್‌ಹೇವನ್ ಎಂಬ ಇಂಗ್ಲೆಂಡಿನ ಕಡಲತಡಿಯ ಪಟ್ಟಣವೊಂದರ ಪುಟಕ್ಕೆ ಬಂದ. ಆ ಪಟ್ಟಣದ ಗಣ್ಯರನ್ನೆಲ್ಲ ಅಲ್ಲಿ ಸಾಲಾಗಿ ನಿಲ್ಲಿಸಿದ್ದರು: ಒಬ್ಬ ನಟಿ, ಕಡಲನ್ನು ಈಜಿ ದಾಟಿದವನೊಬ್ಬ, ಬಿಸ್ಕತ್ತಿನ ಕಾರ್ಖಾನೆ ಕಟ್ಟಿದವನೊಬ್ಬ. ಅವರ ನಡುವೆ ಎಡ್ಮಂಡ್ ಹ್ಯಾಲಮ್, ಇಂಜಿನಿಯರ. ಈತ ಭಾರತದ ಒಂದು ಬರಗಾಲದ ಶಿಬಿರಕ್ಕೆ ಶುಚಿತ್ವವನ್ನು ತಂದವನೆಂದೂ, ಆತನ ನೆನಪಿಗಾಗಿ ನಿಲ್ಲಿಸಿದ ಕಲ್ಲಿಗೆ ಅಲ್ಲಿನ ಜನ ಇಂದಿಗೂ ಪವಿತ್ರವಾದ ಸಗಣಿಯನ್ನು ಲೇಪಿಸಿ ಪೂಜಿಸುತ್ತಾರೆಂದೂ ಬರೆದಿತ್ತು. ಎಂದೋ ಈ ದಾರಿಯಲ್ಲಿ ಹೋದ ಪ್ರವಾಸಿಯೊಬ್ಬ ದೂರದಿಂದ ಕಂಡು, ಮನೆಗೆ ಹೋಗಿ ಬರೆದದ್ದಿರಬೇಕು. ಶರಣಕುಮಾರ ಅದನ್ನು ನನಗೂ ತೋರಿಸಿದ. ಓದಿ ಮುಗಿದ ಮೇಲೆ ಬಾಯಿ ಮುಕ್ಕಳಿಸಬೇಕೆನಿಸಿತು.

ಅಂದಪ್ಪನಿಗೆ ಅನಿಸಿದ್ದೇ ಬೇರೆ. ಅವನು ಅಳಿಯನಿಂದ ಆ ಪಟ್ಟಣದ ಇತಿಹಾಸ ಸಂಘಕ್ಕೆ ಬರೆಸಿದ: ಹೌದು, ಕಲ್ಲು ಇಲ್ಲೇ ಇದೆ, ಪೂಜೆ ನಡೆಯುತ್ತದೆ, ಅದರ ಉಸ್ತುವಾರಿ ನಮ್ಮ ಮನೆತನದ್ದು. ಮೂರೂ ಮಾತು ಒಂದೇ ಉಸಿರಿನಲ್ಲಿ. ಸಂಘದವರು ಹಿಗ್ಗಿ, ಚಳಿಗಾಲದಲ್ಲಿ ತಮ್ಮ ಕಡೆಯ ಒಬ್ಬ ಹೆಂಗಸು ಬಂದು ಅಮೃತಶಿಲೆಯ ಫಲಕ ಕೂರಿಸುವಳೆಂದು ಉತ್ತರ ಬರೆದರು. ಪುಟದಲ್ಲಿ ಅಂದಪ್ಪನ ಹೆಸರನ್ನೂ ಸೇರಿಸುವುದಾಗಿ ಹೇಳಿದರು.

"ಸಮುದ್ರದ ದಂಡಿ ಊರಿನ ದೊಡ್ಡ ಮಂದ್ಯಾಗ ನಮ್ಮ ಹೆಸರು ಬರ್ತೈತಲೇ," ಎಂದು ಅವನು ಅಂಗಡಿಗೆ ಬಂದವರಿಗೆಲ್ಲ ಹೇಳಿದ.

"ಸಮುದ್ರ ನೋಡೀರೇನ್ರಿ ಸಾವಕಾರ್ರ?" ಎಂದು ಕೇಳಿದವನು ಯಮನೂರಸಾಬ. ಮದುವೆಗಳಿಗೆ ಕುದುರೆ ಕೊಡುವವನು. ಊರಿನ ಹೆಂಗಸರಿಗೆ ಅಮಾವಾಸ್ಯೆಯ ಲದ್ದಿ ಸಿಗುವುದು ಅವನ ಲಾಯದಲ್ಲೇ.

"ನಾ ಯಾಕ ನೋಡ್ಲಿ? ಅದು ನನ್ನ ನೋಡ್ತೈತಿ."

ಆ ವಾರದಲ್ಲೇ ಅಂದಪ್ಪ ಆಳುಗಳನ್ನು ಕಳಿಸಿ ಕಲ್ಲನ್ನು ಸೋಪಿನ ಪುಡಿಯಿಂದ ತಿಕ್ಕಿಸಿದ. ಎಷ್ಟೋ ತಲೆಮಾರಿನ ಲದ್ದಿ ಕಪ್ಪು ಹಕ್ಕಳೆಯಾಗಿ ಕಿತ್ತು ಬಂತು. ಕೆಳಗಿನ ಕಲ್ಲು ಮೈಸುಟ್ಟವರ ಚರ್ಮದ ಹಾಗೆ ಕಂಡಿತಂತೆ. ಅದು ಚೆನ್ನಾಗಿ ಕಾಣಲೆಂದು ಮೇಲೆ ಸುಣ್ಣ ಬಳಿಸಿದ. ಸುಣ್ಣ! ಹೇಳುವಾಗ ಹುಲಗಮ್ಮ ಪಕ್ಕಕ್ಕೆ ತಿರುಗಿ ಉಗುಳಿದಳು. ಆಮೇಲೆ ಸುತ್ತ ಗೋಡೆ ಕಟ್ಟಿಸಿ, ಕಬ್ಬಿಣದ ಗೇಟು ಇಡಿಸಿ, ಬೀಗ ಹಾಕಿ, ಕೀಲಿಕೈಯನ್ನು ತನ್ನ ಮನೆಯ ಗೂಟಕ್ಕೆ ತೂಗುಹಾಕಿದ. ಎಲ್ಲ ಮುಗಿದ ಮೇಲೆ ಅವಳ ಮನೆ ಬಾಗಿಲಿಗೆ ಬಂದ.

"ಆಯಿ, ಬಿಳಿ ಮಂದಿ ಬರ್ತಾರ. ಕಲ್ಲಿನ ವಾರಸುದಾರಳು ನೀನ. ಒಂದೀಟು ಸಗಣಿ ಹಚ್ಚಿ, ಕುಂಕುಮ ಇಟ್ಟು, 'ದೊರಿ, ನಮ್ಮನ್ನ ತಣ್ಣಗ ಇಡು' ಅಂದುಬಿಡು. ಸಾಕು."

"ಮತ್ತ ಪಕೀರವ್ವನ ಹೆಸರು?"

"ಆಕಿ ಯಾಕ ನಡುವ? ಸತ್ತು ಎಷ್ಟ ಕಾಲ ಆತು."

"ದೊರಿ ಏನು ನಿನ್ನಿ ಸತ್ತಾನೇನ್ರಿ?"

ಅಂದಪ್ಪ ನಕ್ಕು ಎದ್ದುಹೋದ. ಒತ್ತಾಯ ಮಾಡಲಿಲ್ಲ, ಬೇಕಾಗಿಯೂ ಇರಲಿಲ್ಲ. ಹುಲಗಮ್ಮನ ಮಗ ಹನಮೇಶ ಅವನ ಗೊಬ್ಬರದ ಗಾಡಿ ಓಡಿಸುತ್ತಿದ್ದ. ಮರುದಿನ ಮಾತು ಮಗನ ಬಾಯಿಂದ ಬಂತು.

"ಯವ್ವಾ, ಒಂದ ದಿನದ ಮಾತು ಬೇ. ಇಲ್ಲಂದ್ರ ಗಾಡಿ ಕೀಲಿ ಇಟ್ಟು ಹೋಗು ಅಂದಾರ. ಆ ಮಂದಿ ಹೋದ ಮ್ಯಾಲ ಮತ್ತ ಲದ್ದಿ ಒಗದ್ರಾತು, ಯಾರು ಬ್ಯಾಡ ಅಂತಾರ?"

"ಗ್ವಾಡಿ ಕಟ್ಟಿ ಬೀಗ ಜಡದಾರ. ನೀ ಜಿಗಿದು ಹೋಗಿ ಒಗೀತಿಯೇನು?"

"ಒಂದು ಹೆಸರಿನ ಸಂಬಂಧ ಹಿಂಗ ಹಟ ಹಿಡದ್ರ ಹೆಂಗಬೇ?"

"ಆಕಿದು ಅಂತ ಇರೂದು ಅದೊಂದ, ಹನಮೇಶ. ಗುಂಡಿ ಇಲ್ಲ, ಗದ್ದಿಗಿ ಇಲ್ಲ. ಅಮಾಸಿಗೊಮ್ಮೆ ಮಂದಿ ಬಾಯಾಗ ಬರ್ತಾಳ. ಅದೂ ನಿಂತ್ರ ಆಕಿ ಹುಟ್ಟೇ ಇಲ್ಲ ಅಂದಂಗಾತು."

ಆದರೂ ಅವಳು ಒಪ್ಪಿದಳು. ಮಗ ಎರಡು ದಿನ ಉಣ್ಣದೆ ಮಲಗಿದ್ದನೆಂದು ಒಮ್ಮೆ ಹೇಳಿದಳು. ಇನ್ನೊಮ್ಮೆ ಕೇಳಿದಾಗ, ಸೊಸೆ ಅತ್ತಳೆಂದಳು. ಯಾವುದು ನಿಜವೋ, ಎರಡೂ ಇರಬಹುದು.

ಅತಿಥಿ ಬಂದ ದಿನ ಕೆರೆಯ ಕೆಳಗೆ ಶಾಮಿಯಾನ ಹಾಕಿದ್ದರು. ಬಂದವಳು ನರೆಗೂದಲಿನ, ಬಿಸಿಲಿಗೆ ಕೆಂಪಾದ ಹೆಂಗಸು. ಮೆದು ಮಾತಿನವಳು, ಎಲ್ಲರಿಗೂ ಕೈಮುಗಿಯುತ್ತಿದ್ದಳು. ಅಂದಪ್ಪ ಪೇಟ ಸುತ್ತಿಕೊಂಡು ಕಲ್ಲಿನ ಪಕ್ಕದಲ್ಲೇ ನಿಂತ. ಅವನ ಹೆಂಡತಿ ಪಂಪಮ್ಮ ಹಿತ್ತಾಳೆಯ ತಟ್ಟೆಯಲ್ಲಿ ಸಗಣಿ ಕಲಸಿ, ಹೂ ಕುಂಕುಮ ಇಟ್ಟು ಕಳಿಸಿದ್ದಳು. ಅಡುಗೆಯ ಗದ್ದಲದಲ್ಲಿದ್ದುದರಿಂದ ತಾನು ಬಂದಿರಲಿಲ್ಲ.

ಹುಲಗಮ್ಮ ತಟ್ಟೆಯಿಂದ ಸಗಣಿ ತೆಗೆದುಕೊಂಡು ಕೈಯೆತ್ತಿದಳು. ಬೆಳ್ಳಗೆ ಹೊಳೆಯುವ ಕಲ್ಲಿನ ಮುಂದೆ ಕೈ ನಿಂತಿತು.

"ಹಚ್ಚಬೇ," ಎಂದ ಹನಮೇಶ ಹಿಂದಿನಿಂದ, ಮೆಲ್ಲಗೆ.

"ಅಡಗಿ ಮನಿ ಸಾರಸೂ ಸಗಣಿ ಇದು," ಎಂದಳು ಅವಳು, ಮೆಲ್ಲಗಲ್ಲ. "ಇದನ್ನ ಇವನ ಮಾರಿಗೆ ಹಚ್ಚಲಾ? ಥೂ! ಸಗಣಿ ಹೊಲಸಾಗಂಗಿಲ್ಲೇನು?"

ಕಲ್ಲಿನಿಂದ ನಾಲ್ಕು ಮಾರು ದೂರ ಸರಿದು, ನೆಲದ ಮೇಲೆ ಕೂತು, ಒಂದು ಮೊರದಗಲ ಜಾಗವನ್ನು ಅಚ್ಚುಕಟ್ಟಾಗಿ ಸಾರಿಸಿದಳು. ಕುಂಕುಮ ಇಟ್ಟಳು. "ಬಾ ಪಕೀರವ್ವಾ, ಇಲ್ಲೆ ಕುಂದ್ರು," ಎಂದಳು.

ಬಿಳಿ ಹೆಂಗಸು ಏನೆಂದು ಕೇಳಿದಳು. ಶರಣಕುಮಾರ ಮಾವನ ಮುಖ ನೋಡಿದ. ಮಾವನ ಮುಖದಲ್ಲಿ ಬೇರೆ ದಾರಿಯಿರಲಿಲ್ಲ. ಸಾಹೇಬರ ಆತ್ಮ ಬಂದು ಕೂರಲೆಂದು ಪೀಠ ಸಿದ್ಧಮಾಡುತ್ತಿದ್ದಾಳೆ ಎಂದು ಅವನು ಇಂಗ್ಲಿಷಿನಲ್ಲಿ ಹೇಳಿದ. ಆ ಹೆಂಗಸಿನ ಕಣ್ಣು ತುಂಬಿದವು. ದೂರದಿಂದ ಹೊತ್ತು ತಂದಿದ್ದ ಹೂಗೊಂಚಲನ್ನು ಸಾರಿಸಿದ ಜಾಗದ ಮೇಲಿಟ್ಟು, ಮಂಡಿಯೂರಿ ತಲೆಬಾಗಿದಳು. ಹುಲಗಮ್ಮನಿಗೆ ಇಂಗ್ಲಿಷು ಬಾರದು.

"ಛಲೋ ಹೆಣ್ಮಗಳು," ಎಂದಳು. "ಈಕಿಗೆ ಯಾರೋ ಹೇಳ್ಯಾರ."

ಅಷ್ಟಕ್ಕೆ ಮುಗಿದಿದ್ದರೆ ಸುಳ್ಳೊಂದು ತಾನಾಗಿಯೇ ನೆಟ್ಟಗಾಯಿತೆಂದು ಬರೆಯಬಹುದಿತ್ತು. ಆದರೆ ಫೋಟೋದಲ್ಲಿ ಹೂವೂ ಕಲ್ಲೂ ತಾನೂ ಒಟ್ಟಿಗೆ ಬರಬೇಕಲ್ಲ. ಅಂದಪ್ಪ ಬೂಟುಗಾಲಿನಲ್ಲೇ ಹಸಿ ಸಗಣಿಯ ಮೇಲೆ ಹತ್ತಿ, ಹೂಗೊಂಚಲನ್ನು ಎತ್ತಿ, ಕಲ್ಲಿನ ತೂತಿಗೆ ಸಿಕ್ಕಿಸಿ, ಹಲ್ಲು ಕಿರಿದು ನಿಂತ. ಪಕೀರವ್ವನನ್ನು ಕರೆದು ಕೂರಿಸಿದ ಜಾಗದ ನಡುವೆ ಬೂಟಿನ ಅಚ್ಚು ಬಿದ್ದಿತ್ತು. ಅದಕ್ಕಿಂತ ಹೊಲಸಾದದ್ದನ್ನು ಆ ಕೆರೆಯ ಕೆಳಗೆ ಕುದುರೆಗಳೂ ಬಿಟ್ಟಿರಲಿಲ್ಲ.

ಅತಿಥಿ ಫಲಕ ಕೂರಿಸಿ ಹೋದಳು. ಬೀಗ ಬಿತ್ತು. ಹನಮೇಶನ ಕೆಲಸ ಸಂಜೆಗೇ ಹೋಯಿತು. ಈಗ ಕುಷ್ಟಗಿಯಲ್ಲಿ ಬೇರೆಯವರ ಗಾಡಿ ಓಡಿಸುತ್ತಾನೆ. ಥಾರ್ನ್‌ಹೇವನ್ನಿನ ಪುಟದಲ್ಲಿ ಅಂದಪ್ಪನ ಫೋಟೋ ಬಂತು. ಅಂಚಿನಲ್ಲಿ ಅರ್ಧ ಕಾಣುವ ಹುಲಗಮ್ಮನಿಗೆ 'ಭಕ್ತೆ' ಎಂದು ಹೆಸರಿಟ್ಟಿದ್ದರು.

ಮುಂದಿನ ಅಮಾವಾಸ್ಯೆಗೆ ಹೆಂಗಸರು ಲದ್ದಿ ಹಿಡಿದು ಹೋದರೆ ಗೇಟು ಮುಚ್ಚಿತ್ತು. ಹೆಚ್ಚಿನವರು ಗೊಣಗಿ ತಿರುಗಿದರು. ಹುಲಗಮ್ಮ ತಿರುಗಲಿಲ್ಲ. ಬುಟ್ಟಿಯನ್ನು ಹೊತ್ತುಕೊಂಡು ಊರೊಳಗೆ ಬಂದು, ಅಂದಪ್ಪನ ಮನೆಯ ಮುಂದೆ ನಿಂತಳು.

"ಕೀಲಿ ಎಲ್ಲೈತೋ ಪಾಲು ಅಲ್ಲೇ," ಎಂದು, ಬಣ್ಣದ ಬಾಗಿಲಿಗೆ ಒಂದು ಹಿಡಿ ಬೀಸಿದಳು. "ಪಕೀರವ್ವನ ಪಾಲು. ತಿನ್ನಪಾ ಸಾವಕಾರ."

ಹಿಂದೆ ಬಂದಿದ್ದ ಹೆಂಗಸರೂ ಎಸೆದರು. ಸದ್ದಿಗೆ ಹೊರಬಂದ ಪಂಪಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅವಳ ತವರು ಗಂಗಾವತಿ ಕಡೆಯ ಸಿದ್ದಾಪುರ, ಕಾಲುವೆಯ ನೀರಿನ, ಭತ್ತದ ಸೀಮೆ. ಮದುವೆಯಾಗಿ ಬಂದು ಇಷ್ಟು ವರ್ಷವಾದರೂ ಕಲ್ಲಿನ ಕಥೆಯನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

"ಏನು ಹೊಲಸಿದು ಆಯಿ! ಅಮಾಸಿ ದಿನ ಬಾಗಿಲಾ ಕೆಡಿಸಿಬಿಟ್ರಲ್ಲ!"

"ಹೊಲಸು ಅಂತ ಆವನೂ ಹಿಂಗ ಮೂಗು ಮುಚ್ಚಿದ್ದ ಪಂಪವ್ವಾರ. ನಿಮಗ ಗೊತ್ತಿಲ್ಲ, ನಿಮ್ಮದು ತಪ್ಪಲ್ಲ."

"ಯಾರು ಆವ? ಪಕೀರವ್ವ ಯಾರು?"

ಹುಲಗಮ್ಮ ಕಟ್ಟೆಯ ಮೇಲೆ ಕೂತು ಹೇಳಿದಳು. ಲದ್ದಿ ನಾರುತ್ತಿತ್ತು, ನೊಣ ಮುತ್ತುತ್ತಿದ್ದವು, ಪಂಪಮ್ಮ ನಿಂತೇ ಕೇಳಿದಳು. ಕೂಸಿನ ಗಂಟಲಿನ ಮಾತು ಬಂದಾಗ ಮೂಗಿನ ಮೇಲಿದ್ದ ಸೆರಗು ಜಾರಿತು, ಮತ್ತೆ ಮುಚ್ಚಿಕೊಳ್ಳಲಿಲ್ಲ. ಹಿತ್ತಾಳೆಯ ತಟ್ಟೆಯ ಮಾತು ಬಂದಾಗ, "ಆ ಸಗಣಿ ನಾನ ಕಲಸಿದ್ದೆ," ಎಂದಳು.

ಒಳಗಿನಿಂದ ಅಂದಪ್ಪ ಬಂದ. "ಬಾಗಿಲಾ ತೊಳಸು, ಇವರನ್ನ ಕಳಸು. ಹತ್ತು ಮಂದಿ ಮುಂದ ನನ್ನ ಮರ್ಯಾದಿ ಏನಾಗಬೇಕು?"

"ಬೂಟು ಹಾಕ್ಕೊಂಡು ಸಾರಿಸಿದ್ದರ ಮ್ಯಾಲ ಹತ್ತಿದ್ರಂತಲ್ಲ," ಎಂದಳು ಪಂಪಮ್ಮ. "ಅಲ್ಲೇ ಎಲ್ಲ್ಯರ ಬಿದ್ದಿರಬೇಕು, ಹುಡುಕ್ರಿ."

ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಅವಳು ಒಳಗೆ ಹೋಗಿ ಗೂಟದ ಕೀಲಿಕೈ ತೆಗೆದುಕೊಂಡು ಬಂದಳು. ಅಂದಪ್ಪ ಅವಳ ಕೈ ಹಿಡಿದು ತಡೆಯಲು ಬಂದವನು, ಹೊಸ್ತಿಲ ಮೇಲೆ ಹರಡಿದ್ದ ಲದ್ದಿಯನ್ನು ಕಂಡು ಕಾಲು ಹಿಂದೆ ತೆಗೆದ. ದಾಟಲಿಲ್ಲ.

ಗೇಟು ತೆರೆಯಿತು. ಸುಣ್ಣದ ಮೇಲೆ, ಅಮೃತಶಿಲೆಯ ಅಕ್ಷರಗಳ ಮೇಲೆ, ಒಣಗಿದ ಹೂವಿನ ಮೇಲೆ ಹೆಂಗಸರು ತಮ್ಮ ಪಾಲು ಎಸೆದು ಬೆನ್ನು ತಿರುಗಿಸಿದರು. ಕೊನೆಗೆ ಪಂಪಮ್ಮ ಬರಿಗೈಯನ್ನು ಬುಟ್ಟಿಗೆ ಹಾಕಿದಳು. ಏನನ್ನಬೇಕೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಗೇಟಿಗೆ ಮತ್ತೆ ಬೀಗ ಬಿದ್ದಿಲ್ಲ; ಕೀಲಿಕೈಯನ್ನು ಅವಳು ಆ ಕೆರೆಗೇ ಎಸೆದಳಂತೆ.

ಉಳಿದದ್ದನ್ನು ಪಂಪಮ್ಮನ ಬಾಯಿಂದಲೇ ಕೇಳಿದೆ: "ಕೈ ಎಷ್ಟು ತಿಕ್ಕಿದ್ರೂ ವಾಸನಿ ಹೋಗಲಿಲ್ರಿ ಆವತ್ತು. ಹಂಗ ಊಟಕ್ಕ ನೀಡಿದೆ. ಅವರು ತಾಟಿನ ಮುಂದ ಕುಂತು ಮೂಗು ಏರಿಸಿ, 'ಏನಿದು ನಾತ?' ಅಂದ್ರು. 'ನಿಮ್ಮ ದೊರಿದು, ಉಣ್ರಿ' ಅಂದೆ."